ಸೇತುವೆಯ ಆಚೆ ಅವನು ಗವರ್ನರಲ್ಲ

ನನ್ನ ತಮ್ಮ ಲಾಂಜೊ ಟ್ಯಾಕೆಟ್‌ನ ಹೆಸರನ್ನು ಯಾವ ಪತ್ರಿಕೆಯೂ ನೆಟ್ಟಗೆ ಹಾಕಲಿಲ್ಲ. ‘ಗವರ್ನರ್ ಬ್ಲೆವಿನ್ಸ್ ಅವರ ಕಾರು ಚಾಲಕ’ ಎಂದು ಬರೆದು ಕೈತೊಳೆದುಕೊಂಡರು. ಸತ್ತ ಮೇಲೂ ಅವನು ಆ ಕರ್ಟಿಸ್ ಬ್ಲೆವಿನ್ಸ್‌ನ ಗಾಡಿಯನ್ನೇ ಓಡಿಸಬೇಕೇ? ಆ ಸಾಲು ನೆನಪಾದಾಗೆಲ್ಲ ನನಗೆ ಮೈ ಉರಿಯುತ್ತದೆ. ಅದಕ್ಕೇ ಅವನ ಕಥೆಯನ್ನು ನಾನೇ ಹೇಳುತ್ತಿದ್ದೇನೆ.

ನಾವು ಹುಟ್ಟಿದ್ದು ಸ್ಲೇಟ್ ಕ್ರೀಕಿನ ಕಲ್ಲಿದ್ದಲು ಗಣಿಯ ಕೇರಿಯಲ್ಲಿ. ಅಲ್ಲಿ ಮನೆ ಗಣಿಯವರದು, ಅಂಗಡಿ ಗಣಿಯವರದು, ಪೊಲೀಸರೂ ಗಣಿಯವರ ಅನ್ನ ತಿಂದವರೇ. ಅಪ್ಪ ಕಾರ್ಮಿಕರ ಸಂಘ ಕಟ್ಟೋಣ ಎಂದು ಬಾಯಿಬಿಟ್ಟದ್ದಕ್ಕೆ ರಡ್ ಎಂಬ ಗಣಿ ಕಾವಲುಗಾರ ಅವನನ್ನು ಗುದ್ದಲಿಯ ಕಾವಿನಿಂದ ಬಡಿದು ಕೊಂದ. ಅಪ್ಪನ ತಲೆ ತೊಳೆದವಳು ನಾನು. ನೀರು ಎಷ್ಟು ಸಲ ಬದಲಾಯಿಸಿದರೂ ಕೆಂಪಾಗಿಯೇ ಇತ್ತು.

ಮಣ್ಣು ಮಾಡುವಾಗ ಪಕ್ಕದ ಮನೆಯ ಕರ್ಟಿಸ್ ಒಂದು ಬಂಡಿಯ ಮೇಲೆ ಹತ್ತಿ ನಿಂತು ಮಾತಾಡಿದ. ಲಾಂಜೊನ ಓರಗೆಯವನು, ಅವನ ಜೊತೆಗೇ ಗಣಿಗೆ ಇಳಿಯುತ್ತಿದ್ದವನು. ಅವನ ಮಾತಿಗೆ ಗಂಡಸರೆಲ್ಲ ಅತ್ತರು. ತನ್ನ ನಾಲಿಗೆಗೆ ಇಂಥ ಶಕ್ತಿ ಇದೆ ಎಂದು ಅವನಿಗೆ ಗೊತ್ತಾದದ್ದೇ ಅವತ್ತು, ನನ್ನಪ್ಪನ ಹೆಣದ ಮುಂದೆ.

ಲಾಂಜೊ ಅಳಲಿಲ್ಲ. ಅವನು ಮಾತಿಗೂ ಅಳುವಿಗೂ ಬಲು ಜಿಪುಣ. ಕೆಲವು ದಿನ ಬಿಟ್ಟು ಅಂಗಡಿಯ ಹಿಂದೆ ರಡ್‌ನನ್ನು ಹಿಡಿದು, ಗುದ್ದಲಿಯ ಕಾವಿನಿಂದಲೇ ಅವನ ಎರಡೂ ತೋಳು ಮುರಿದ. ಆಮೇಲೆ ರಡ್ ಸಾಯುವ ತನಕ ಹೆಂಡತಿಯ ಕೈತುತ್ತು ತಿಂದ. ಮೊಕದ್ದಮೆ ನಡೆದಾಗ ಕರ್ಟಿಸ್ ಬೈಬಲ್ ಮುಟ್ಟಿ, “ಆ ಹೊತ್ತಲ್ಲಿ ಲಾಂಜೊ ನಮ್ಮನೇಲಿ ಊಟಕ್ಕೆ ಕೂತಿದ್ದ” ಎಂದುಬಿಟ್ಟ. ಆ ಒಂದು ಸುಳ್ಳಿನ ಋಣಕ್ಕೆ ನನ್ನ ತಮ್ಮ ತನ್ನ ಅರ್ಧ ಆಯುಷ್ಯವನ್ನು ಅವನಿಗೆ ಜೀತಕ್ಕಿಟ್ಟ.

ಕರ್ಟಿಸ್ ಕಾನೂನು ಓದಿದ, ಚುನಾವಣೆಗೆ ನಿಂತ. ನಮ್ಮ ಗುಡ್ಡಗಳಲ್ಲಿ ಚುನಾವಣೆ ಎಂದರೆ ಓಟಿನಷ್ಟೇ ವಿಸ್ಕಿ, ವಿಸ್ಕಿಯಷ್ಟೇ ಹೊಡೆದಾಟ. ಓಟು ಹಾಕುವ ಶಾಲೆಯ ಬಾಗಿಲಲ್ಲಿ ಎರಡೂ ಪಕ್ಷದವರು ತಮ್ಮ ತಮ್ಮ ಗಟ್ಟಿಗನನ್ನು ನಿಲ್ಲಿಸುತ್ತಿದ್ದರು. ಕರ್ಟಿಸ್‌ನ ಕಡೆಯ ಗಟ್ಟಿಗ ಲಾಂಜೊ. ಒಂದು ಸಲ ಅವನು ಎದುರಾಳಿಯ ಮುಖವನ್ನು ಕಾದ ಒಲೆಗೆ ಒತ್ತಿ ಹಿಡಿದು ಎರಡು ಪೆಟ್ಟಿಗೆ ಓಟು ಹೊತ್ತು ತಂದ. ಮನೆಗೆ ಬಂದಾಗ ಅವನ ಬೆರಳ ಗೆಣ್ಣಿನಲ್ಲಿ ಯಾರದೋ ಹಲ್ಲು ಮುರಿದು ಸಿಕ್ಕಿಕೊಂಡಿತ್ತು. ನಾನು ಸೂಜಿಯಿಂದ ಕೀಳುತ್ತಾ ಕೂತೆ.

“ಯಾರದೋ ಇದು?”

“ಯಾರಿಗ್ಗೊತ್ತಕ್ಕ. ಓಟಂತೂ ನಮ್ದೇ.”

“ನಾಚ್ಕೆ ಆಗಲ್ವೇನೋ ನಿಂಗೆ?”

“ಮೆಲ್ಲಗೆ ಕೀಳೇ, ನೋಯುತ್ತೆ.”

ಇಂಥ ಹಲ್ಲುಗಳ ಮೇಲೆ ಕಾಲಿಟ್ಟು ಕರ್ಟಿಸ್ ಶಾಸನಸಭೆ ಹತ್ತಿದ. ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷಕ್ಕೆ ಗಣಿ ಕಾರ್ಮಿಕರ ಓಟಿನಿಂದಲೇ ಗವರ್ನರಾದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಒಂದು ವರ್ಷದೊಳಗೆ ಗಣಿ ಮಾಲೀಕರ ಜೊತೆ ಕೂತು ಹಂದಿತೊಡೆಯ ಮಾಂಸ ತಿನ್ನತೊಡಗಿದ. ಲಾಂಜೊ ಅವನ ಕರಿ ಕಾರಿನ ಚಾಲಕನಾದ. ಎದುರಿಗೆ ಜನರಿದ್ದರೆ “ಗವರ್ನರ್ ಸಾಹೇಬ್ರೇ” ಎನ್ನುತ್ತಿದ್ದ. ಇಬ್ಬರೇ ಇದ್ದಾಗ “ಲೇ ಕರ್ಟಿಸ್, ಹೊಟ್ಟೆ ಒಳಕ್ಕೆಳ್ಕೊ, ಬಾಗ್ಲು ಮುಚ್ಚಲ್ಲ” ಎನ್ನುತ್ತಿದ್ದ.

ನಮ್ಮ ರಾಜ್ಯದಲ್ಲಿ ಒಂದು ಕಾನೂನಿದೆ. ಗವರ್ನರು ಗಡಿ ದಾಟಿದ ಗಳಿಗೆಯಿಂದ ವಾಪಸು ಬರುವವರೆಗೂ ಉಪಗವರ್ನರೇ ಗವರ್ನರು. ರಾಜಧಾನಿಯ ಪಕ್ಕದ ಹೊಳೆಯೇ ಆ ಗಡಿ, ಅದರ ಮೇಲೊಂದು ಸೇತುವೆ. ಆಗ ಉಪಗವರ್ನರಾಗಿದ್ದವನು ಓಡೆಲ್ ಹ್ಯಾಂಕ್ಸ್. ಊರು ಹೋಗು, ಕಾಡು ಬಾ ಎನ್ನುತ್ತಿದ್ದ ಮುದುಕ. ಶವಪೆಟ್ಟಿಗೆ ಮಾಡಿಸಿ, ಹೆಣಕ್ಕೆ ಶೃಂಗಾರ ಮಾಡಿ ಮಣ್ಣಿಗೆ ಕಳಿಸುವ ಅಂಗಡಿ ಅವನ ಕಸುಬು. ಕರ್ಟಿಸ್ ಒಮ್ಮೆ ಹೊಳೆಯಾಚೆಯ ರಾಜ್ಯಕ್ಕೆ ಕುದುರೆ ಓಟ ನೋಡಲು ಹೋದ. ಅಂದು ಮಧ್ಯಾಹ್ನವೇ ಹ್ಯಾಂಕ್ಸ್ ಗವರ್ನರ್ ಕುರ್ಚಿಯಲ್ಲಿ ಕೂತು, ಒಬ್ಬನಿಗೆ ಚಾಕು ಹಾಕಿ ಜೈಲಿನಲ್ಲಿದ್ದ ತನ್ನ ತಂಗಿಯ ಮಗನಿಗೆ ಕ್ಷಮೆ ಕೊಟ್ಟು ಬಿಡಿಸಿದ. ಸಂಜೆ ಕರ್ಟಿಸ್ ಹಿಂದಿರುಗಿ, ಶಾಸನಸಭೆಯ ಮೆಟ್ಟಿಲ ಮೇಲೆ ಎಲ್ಲರೆದುರು ಮುದುಕನ ಬಾಯಿಗೆ ಗುದ್ದಿದ. ಮುದುಕ ಮೆಟ್ಟಿಲುಗಳ ಮೇಲೆ ಉರುಳಿ ರಕ್ತ ಉಗುಳುತ್ತ ಎದ್ದ. ಅಂದಿನಿಂದ ಕರ್ಟಿಸ್ ಸೇತುವೆಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಐವತ್ತನೇ ಇಸವಿಯ ಚಳಿಗಾಲದಲ್ಲಿ ಸ್ಲೇಟ್ ಕ್ರೀಕಿನಲ್ಲಿ ಮುಷ್ಕರ ಶುರುವಾಯಿತು. ನನ್ನ ಗಂಡ ವೆರ್ನನ್ ಮುಷ್ಕರದವರ ಮುಂದಾಳುಗಳಲ್ಲಿ ಒಬ್ಬ. ಮನೆಯಲ್ಲಿ ಒಲೆ ಹತ್ತದಾದಾಗ ನಾನು ರಾಜಧಾನಿಗೆ ಬಂದು ಶಾಸನಸಭೆಯ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಅಡುಗೆಗೆ ಸೇರಿದೆ. ಗಣಿಯ ಗೂಂಡಾಗಳು ಕೇರಿಗೆ ಬೆಂಕಿಯಿಟ್ಟರು. ಮುಷ್ಕರದವರು ಗೂಂಡಾಗಳ ಲಾರಿಯನ್ನು ಸಿಡಿಮದ್ದಿನಿಂದ ಹಾರಿಸಿದರು. ಅದರಲ್ಲಿದ್ದ ಇಬ್ಬರನ್ನು ಗೋಣಿಯಲ್ಲಿ ತುಂಬಿ ಒಯ್ಯಬೇಕಾಯಿತಂತೆ. ಕರ್ಟಿಸ್ ರಾಜ್ಯದ ಸೈನ್ಯ ಕಳಿಸಿದ. ಮನೆ ಕಳೆದುಕೊಂಡವರೆಲ್ಲ, ಹೆಂಗಸರು ಮಕ್ಕಳ ಸಮೇತ, ಚರ್ಚಿನೊಳಗೆ ಸೇರಿ ಬಾಗಿಲು ಹಾಕಿಕೊಂಡರು.

ಮಾರನೆಯ ಬೆಳಿಗ್ಗೆ ಲಾಂಜೊ ಕ್ಯಾಂಟೀನಿಗೆ ಬಂದ. ನಾನು ಬೀನ್ಸು ಬೇಯಿಸುತ್ತಿದ್ದೆ.

“ಅಕ್ಕಾ, ಒಲೆ ಆರಿಸು.”

“ಯಾಕೋ?”

“ಮಧ್ಯಾಹ್ನ ಹನ್ನೆರಡಕ್ಕೆ ಚರ್ಚಿನ ಮೇಲೆ ಮೆಷಿನ್‌ಗನ್ ಬಿಡ್ತಾರೆ. ನನ್ನೆದುರೇ ಫೋನಲ್ಲಿ ಹೇಳ್ದ. ‘ಹೊರಗೆ ಬರ್ಲಿಲ್ಲ ಅಂದ್ರೆ ಗೋಡೆ ಸಮೇತ ಮಲಗ್ಸಿ’ ಅಂದ.”

“ವೆರ್ನನ್ ಒಳಗಿದಾನೆ ಅಂತ ಹೇಳ್ಲಿಲ್ವಾ ನೀನು?”

“ಹೇಳ್ದೆ. ಕಾಲಿಗೂ ಬಿದ್ದೆ ಕಣಕ್ಕ. ‘ನಿನ್ನಕ್ಕಂಗೆ ಬೇರೆ ಗಂಡ ಸಿಕ್ತಾನೆ’ ಅಂದು ನಕ್ಕ.”

ನಾನು ಕೈಗೆ ಸಿಕ್ಕ ಚಾಕು ತೆಗೆದುಕೊಂಡೆ. ಲಾಂಜೊ ನನ್ನ ಮಣಿಕಟ್ಟು ಹಿಡಿದ.

“ಅದನ್ನಿಡು. ಅವ್ನನ್ನ ಕೊಂದ್ರೆ ನಿಂಗೆ ನೇಣು. ಇವ್ನು ಗಡಿ ದಾಟಿದ್ರೆ ಸಾಕು, ಹುಕುಂ ರದ್ದು ಮಾಡೋಕೆ ಹ್ಯಾಂಕ್ಸಿಗೆ ಅಧಿಕಾರ ಬರುತ್ತೆ. ಹನ್ನೊಂದು ಮುಕ್ಕಾಲಿಗೆ ರೇಡಿಯೋದಲ್ಲಿ ಭಾಷಣ ಇದೆ ಇವ್ನಿಗೆ. ರೇಡಿಯೋ ಕಟ್ಟಡ ಇರೋದು ಸೇತುವೆ ಪಕ್ಕದಲ್ಲಿ. ನಾನು ಪಕ್ಕಕ್ಕೆ ತಿರುಗಿಸಲ್ಲ, ನೇರ ಹೋಗ್ತೀನಿ. ನೀನು ಹ್ಯಾಂಕ್ಸ್ ಮುದುಕನ ಕೋಣೇಲಿ ಕೂತಿರು. ಆಚೆ ದಡದ ಪೆಟ್ರೋಲ್ ಬಂಕಿಂದ ಫೋನ್ ಮಾಡ್ತೀನಿ.”

“ಅವ್ನ ಹತ್ರ ಪಿಸ್ತೂಲಿದೆಯಲ್ಲೋ.”

“ಇದ್ರೆ ಇರ್ಲಿ.”

ಅವನು ಒಂದು ತುಂಡು ಮೆಕ್ಕೆಜೋಳದ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ಹೋದ.

ಸೇತುವೆಯ ಮೇಲೆ ನಡೆದದ್ದು ಆಮೇಲೆ ನ್ಯಾಯಾಲಯದಲ್ಲಿ ಹೊರಬಂತು. ಕಾರು ನೇರ ಹೋದಾಗ ಕರ್ಟಿಸ್ ಮೊದಲು ತಮಾಷೆ ಎಂದುಕೊಂಡನಂತೆ. ಸೇತುವೆ ಏರುತ್ತಿದ್ದಂತೆ ಅವನ ಬೆವರಿಳಿಯಿತು. “ತಿರುಗ್ಸೋ ಸೂಳೆಮಗನೇ” ಎಂದು ಪಿಸ್ತೂಲಿನ ಹಿಡಿಯಿಂದ ಲಾಂಜೊನ ತಲೆಗೆ ಬಡಿದ. ಗುಂಡು ಹಾರಿಸಿದರೆ ಕಾರು ಹೊಳೆಗೆ ಬೀಳುತ್ತದೆಂಬ ಭಯ. ಬಡಿದ, ಮತ್ತೆ ಬಡಿದ. ಕಿವಿ ಹರಿದು ಜೋತುಬಿತ್ತು, ಕಣ್ಣಿಗೆ ರಕ್ತ ಇಳಿಯಿತು. ಎದುರು ಬರುತ್ತಿದ್ದ ಹಾಲಿನ ಗಾಡಿಯೊಂದು ಸವರಿಕೊಂಡು ಹೋಯಿತು. ಲಾಂಜೊ ಕಾರನ್ನು ಆಚೆ ದಡ ಮುಟ್ಟಿಸಿ, ಕೀಲಿ ಕಿತ್ತು ನೀರಿಗೆಸೆದು, ಬಂಕಿನೊಳಗೆ ನಡೆದ.

ಇತ್ತ ನಾನು ಹ್ಯಾಂಕ್ಸ್‌ನ ಎದುರು ನಿಂತಿದ್ದೆ. ಎಲ್ಲವನ್ನೂ ಹೇಳಿದ್ದೆ. ಮುದುಕ ಅಳುಕುತ್ತಿದ್ದ.

“ನೋಡಮ್ಮ ಓಪಲ್, ಅವ್ನು ದಾಟಿಲ್ದೆ ನಾನು ಸಹಿ ಹಾಕಿದ್ರೆ ಅದು ರಾಜದ್ರೋಹ. ಉಳಿದಿರೋ ಹಲ್ಲೂ ಹೋಗುತ್ತೆ.”

“ಅಷ್ಟೂ ಜನ ಸತ್ರೆ ಪೆಟ್ಟಿಗೆ ವ್ಯಾಪಾರ ನಿಮ್ದೇ ಅಲ್ವಾ ಸಾಹೇಬ್ರೇ. ಅದಕ್ಕೇನಾ ಕಾಯ್ತಿರೋದು?”

“ಬಾಯಿ ಬಿಗಿ ಹಿಡಿದು ಮಾತಾಡು” ಎಂದ. ಆದರೆ ಮುಖ ಕೆಂಪಾಯಿತು.

ಫೋನು ಬಡಿದುಕೊಂಡಿತು. ನಾನು ಕಿತ್ತುಕೊಂಡೆ.

“ಅಕ್ಕಾ, ದಾಟಿದ್ವಿ” ಎಂದ ಲಾಂಜೊ.

ಅಷ್ಟರಲ್ಲಿ ಗುಂಡಿನ ಸದ್ದು ಕೇಳಿಸಿತು. ಮತ್ತೊಂದು. ಏನೋ ಭಾರವಾದದ್ದು ಬಿತ್ತು, ಗಾಜು ಒಡೆಯಿತು. ನನ್ನ ತಮ್ಮ ಒಂದು ಸಲ ಉಸಿರೆಳೆದದ್ದು ಕೇಳಿತು. ಆಮೇಲೆ ಅವನ ಬಾಯಿಂದ ಏನೂ ಬರಲಿಲ್ಲ.

“ಏನದು ಸದ್ದು?” ಎಂದ ಹ್ಯಾಂಕ್ಸ್.

ನಾನು ಕೂಗಿಕೊಂಡಿದ್ದರೆ ಮುದುಕ ಹೆದರಿ ಲೇಖನಿ ಕೆಳಗಿಡುತ್ತಿದ್ದ. ಗಡಿಯಾರದಲ್ಲಿ ಹನ್ನೆರಡಾಗುತ್ತ ಬಂದಿತ್ತು. ನಾಲಿಗೆ ಕಚ್ಚಿದೆ, ಬಾಯೆಲ್ಲ ಉಪ್ಪಾಯಿತು.

“ಬಂಕಲ್ಲಿ ಏನೋ ಬಿತ್ತಂತೆ. ದಾಟಿದ್ದಾರೆ. ನೀವೇ ಕೇಳಿ” ಎಂದು ಫೋನನ್ನು ಅವನ ಕಿವಿಗೆ ಹಿಡಿದೆ. ಒಳಗಿನಿಂದ ಕರ್ಟಿಸ್ ಅರಚುತ್ತಿದ್ದ: “ನಾನು ಗವರ್ನರ್, ನನ್ನ ಮುಟ್ಟಬೇಡ್ರೋ.” ಯಾರೋ ಉತ್ತರ ಕೊಟ್ಟರು: “ಅದು ಆ ದಡದಲ್ಲಿ ಕಣಪ್ಪ. ಇಲ್ಲಿ ನೀನು ಕೊಲೆ ಮಾಡ್ದೋನು. ಪಿಸ್ತೂಲು ಬಿಸಾಡು.”

ಮುದುಕನಿಗೆ ಆಗ ಅರ್ಥವಾಯಿತು. ನನ್ನ ಮುಖ ನೋಡಿದ.

“ಅಮ್ಮಾ, ನಿನ್ನ ತಮ್ಮ...”

“ಸಹಿ ಹಾಕಿ” ಎಂದೆ.

ಹಾಕಿದ. ಸ್ಲೇಟ್ ಕ್ರೀಕಿನ ದಂಡನಾಯಕನಿಗೆ ಫೋನಿನಲ್ಲಿ ತಾನೇ ಹೊಸ ಹುಕುಂ ಓದಿ ಹೇಳಿದ. ಆಚೆಯವನು ಎರಡು ಸಲ ಕೇಳಿದ, ಮುದುಕ ಎರಡು ಸಲವೂ ಗಟ್ಟಿಯಾಗಿ, “ಈ ಗಳಿಗೆಗೆ ಗವರ್ನರು ನಾನೇ. ಸೈನ್ಯ ಹಿಂದಕ್ಕೆ ತಗೊ” ಎಂದ. ಅದು ಮುಗಿದ ಮೇಲೆ ನಾನು ನೆಲದ ಮೇಲೆ ಕೂತೆ. ಮತ್ತೆ ಯಾವಾಗ ಎದ್ದೆನೋ ನೆನಪಿಲ್ಲ.

ಕರ್ಟಿಸ್‌ನನ್ನು ಅವರು ಹಿಂದಕ್ಕೆ ಬಿಡಲಿಲ್ಲ. ನಮ್ಮ ದಡದಲ್ಲಾಗಿದ್ದರೆ ತನ್ನ ಕ್ಷಮೆಗೆ ತಾನೇ ಸಹಿ ಮಾಡಿಕೊಂಡು ಸಂಜೆ ಊಟಕ್ಕೆ ಕೂತಿರುತ್ತಿದ್ದ. ಆ ದಡದವರು ಅವನನ್ನು ಸಾಯುವವರೆಗೂ ಜೈಲಿನಲ್ಲಿಟ್ಟರು.

ಮೂರನೆಯ ದಿನ, ಲಾಂಜೊನನ್ನು ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಲು ನಾನು ಹೆಣದ ಗಾಡಿಯಲ್ಲಿ ಸ್ಲೇಟ್ ಕ್ರೀಕಿಗೆ ಬಂದೆ. ಸೈನ್ಯ ಹೋದ ರಾತ್ರಿಯೇ ಹಿಮ ಬಿದ್ದು ದಾರಿ ಕಟ್ಟಿ, ತಂತಿಗಳೆಲ್ಲ ಕಡಿದು, ನಮ್ಮ ಗಾಡಿ ಬರುವವರೆಗೂ ಕೇರಿಗೆ ಯಾವ ಸುದ್ದಿಯೂ ಮುಟ್ಟಿರಲಿಲ್ಲ. ವೆರ್ನನ್ ಚರ್ಚಿನಿಂದ ಓಡಿ ಬಂದ. ಗಡ್ಡ ಬೆಳೆದಿತ್ತು, ಮೈಮೇಲೆ ಒಂದು ಗಾಯವೂ ಇರಲಿಲ್ಲ. ಅವನ ಹಿಂದೆ ಮಕ್ಕಳು, ಹೆಂಗಸರು, ಮುದುಕರು, ಎಲ್ಲರೂ ಜೀವಂತ.

“ಓಪಲ್, ಕೇಳಿದ್ಯಾ? ಬಂದೂಕು ಹೂಡಿದೋರು ಹಂಗೇ ಎದ್ದು ಹೋದ್ರು ಕಣೇ. ಎಷ್ಟಂದ್ರೂ ಕರ್ಟಿಸ್ ನಮ್ಮ ಕೇರಿ ಹುಡ್ಗ. ನಮ್ಮೇಲೆ ಗುಂಡು ಹಾರ್ಸೋಕೆ ಮನಸ್ಸು ಬರ್ಲಿಲ್ಲ ಅವ್ನಿಗೆ. ಒಳಗೆ ಎಲ್ರೂ ಅವ್ನ ಹೆಸರು ಹೇಳಿ ಮೊಣಕಾಲೂರಿದ್ವಿ.”

ನಾನು ಅವನ ಕೆನ್ನೆಗೆ ಬಾರಿಸಿದೆ. ಕೈ ಉರಿಯುವಷ್ಟು ಹೊಡೆದೆ, ಅವನು ತಡೆಯಲಿಲ್ಲ. ಆಮೇಲೆ ಅವನ ಕೈ ಹಿಡಿದು ಗಾಡಿಯ ಹಿಂಬದಿಗೆ ಕರೆದೊಯ್ದು ಬಾಗಿಲು ತೆರೆದೆ.