ಒಂದು ದಿನವೂ ಓಡದ ಸ್ಟೆಪ್ನಿ

ಮೊನ್ನೆ ಹಳೆಯ ಕಾರೊಂದನ್ನು ಕೊಳ್ಳಲು ಹೋಗಿದ್ದೆ. ಮಾರುವವನು ಡಿಕ್ಕಿ ಎತ್ತಿ, "ಸ್ಟೆಪ್ನಿ ನೋಡಿ ಸಾರ್, ಒಂದು ದಿನಾನೂ ರೋಡಿಗಿಳಿದಿಲ್ಲ" ಎಂದ. ಮುಚ್ಚಿಟ್ಟ ರಬ್ಬರಿನ ವಾಸನೆ ಮುಖಕ್ಕೆ ಬಡಿಯಿತು. ನನ್ನ ಕೈ ತಾನಾಗಿ ಹಿಂದೆ ಸರಿಯಿತು. ಕಾರು ಕೊಳ್ಳಲು ಬಂದವನು ಟೈರಿಗೆ ಹೆದರಿದನೆಂದರೆ ನೀವು ನಗುತ್ತೀರಿ; ನಗಿ. ಆದರೆ ಆ ವಾಸನೆ ನನ್ನನ್ನು ಚಳ್ಳಕೆರೆಯ ದೊಡ್ಡಪ್ಪನ ಅಂಗಳಕ್ಕೆ ಒಯ್ದಿತ್ತು.

ದೊಡ್ಡಪ್ಪನದು ಶೇಂಗಾ ಎಣ್ಣೆಯ ವ್ಯಾಪಾರ. ನಾನು ಮೂರನೇ ತರಗತಿಯಲ್ಲಿದ್ದಾಗ ಅವರು ಹೊಸ ಅಂಬಾಸಡರ್ ತಂದರು. ಓಡುವ ಟೈರುಗಳು ಕಾಲಕಾಲಕ್ಕೆ ಬದಲಾದವು, ಸ್ಟೆಪ್ನಿ ಬದಲಾಗಲಿಲ್ಲ. ಪಂಕ್ಚರಾದರೂ ಅದನ್ನು ಇಳಿಸರು. ಬಿಚ್ಚಿದ ಟೈರನ್ನೇ ಆಟೋದಲ್ಲಿ ಕಳಿಸಿ ರಿಪೇರಿ ಮಾಡಿಸುವರು. ಆಯುಧಪೂಜೆಗೆ ಮಾತ್ರ ಅದನ್ನು ಹೊರತೆಗೆದು, ತೊಳೆದು, ಶೇಂಗಾ ಎಣ್ಣೆಯಲ್ಲಿ ಬಟ್ಟೆ ಅದ್ದಿ ಕರ್ರಗೆ ಮಿಂಚುವ ತನಕ ತಿಕ್ಕಿ, ವಿಭೂತಿ ಬಳಿದು ಮತ್ತೆ ಮಲಗಿಸುತ್ತಿದ್ದರು. ನಮ್ಮೂರಲ್ಲಿ ಎಣ್ಣೆಗೇನು ಬರ? ಬಾಗಿಲು ಕಿರುಗುಟ್ಟಿದರೂ ಅದೇ, ಮಕ್ಕಳ ತಲೆಗೂ ಅದೇ. "ನಿಮ್ ತಲೀಗೂ ಒಂದಿನ ಇಷ್ಟು ಹಚ್ಕಳ್ರಿ" ಎಂದು ದೊಡ್ಡವ್ವ ರೇಗಿಸುತ್ತಿದ್ದಳು.

ನಾನು ಡಿಗ್ರಿ ಓದುವಾಗ ದೊಡ್ಡಪ್ಪನ ಮಗಳು ಶಾಂತಕ್ಕನ ಮದುವೆ ಗೊತ್ತಾಯಿತು. ಧಾರೆ ಸೀರೆ ಆರಿಸಲು ಮೊಳಕಾಲ್ಮೂರಿಗೆ ಹೊರಟೆವು. ಕಾರು ಓಡಿಸುತ್ತಿದ್ದವರು ದೊಡ್ಡಪ್ಪ, ಪಕ್ಕದಲ್ಲಿ ಅಕ್ಕ, ಹಿಂದೆ ನಾನು. ದಾರಿಯ ತಳಕು ಊರಲ್ಲಿ ಮುಂದಿನ ಎಡ ಟೈರು ಕೂತಿತು. ಎದುರಿಗೇ ಖಾದರ್ ಭಾಯಿಯ ಪಂಕ್ಚರ್ ಅಂಗಡಿ.

"ಅರ್ಧ ಗಂಟೆ ಆಗ್ತೈತ್ರಿ ಯಜಮಾನ್ರೆ" ಎಂದ ಭಾಯಿ, ಸ್ಟೆಪ್ನಿ ಕಂಡು ಕಣ್ಣರಳಿಸಿದ. "ಅರೆ ವಾಹ್! ಮದುಮಗನಂಗೆ ಐತಲ್ರಿ! ಇದ್ನೇ ಹಾಕ್ಕೊಂಡು ಹೋಗ್ರಿ."

"ಅಪ್ಪಾ, ಪಂಕ್ಚರ್ ಹಾಕ್ಸೇ ಹೋಗಣ. ಅದು ನನ್ ಲಂಗದ ಕಾಲದ್ದು" ಎಂದಳು ಅಕ್ಕ.

"ಹುಚ್ಚಿ, ಹೊಸಾದು ಕಣೇ. ರಾಹುಕಾಲಕ್ಕೆ ಮುಂಚೆ ಸೀರೆ ಮುಟ್ಬೇಕು. ಹತ್ತು" ಎಂದರು ದೊಡ್ಡಪ್ಪ.

ಬಿ.ಜಿ. ಕೆರೆ ದಾಟಿದ ಮೇಲೆ ಕಾರಿನಡಿ ಡಬ್ ಎಂದಿತು. ದೊಡ್ಡಪ್ಪನ ಎರಡೂ ಕೈ ಸ್ಟೀರಿಂಗನ್ನು ಬಲಕ್ಕೆ ತಿರುಗಿಸುತ್ತಿದ್ದವು; ಕಾರು ಎಡಕ್ಕೇ ಹೋಗುತ್ತಿತ್ತು. ಜಾಲಿ ಗಿಡ, ಆಕಾಶ, ಮತ್ತೆ ಜಾಲಿ ಗಿಡ. ನಿಂತಾಗ ಅಕ್ಕನ ತಲೆ ಡ್ಯಾಶ್‌ಬೋರ್ಡಿನ ಮೇಲಿತ್ತು. ಹುಬ್ಬಿನಿಂದ ರಕ್ತ ಇಳಿದು ಅವಳ ಕೈಬಳೆಗಳ ಮೇಲೆ ಬೀಳುತ್ತಿತ್ತು.

"ಶಾಂತಾ" ಎಂದರು ದೊಡ್ಡಪ್ಪ. "ಶಾಂತಾ, ಮಾತಾಡೇ ನಮ್ಮವ್ವಾ."

ಹಾದಿಯ ಲಾರಿಯವರು ಓಡಿ ಬಂದು ಅವಳನ್ನು ಇಳಿಸಿಕೊಳ್ಳುವಾಗ, ನಾನು ಏಕೋ ಟೈರನ್ನೇ ನೋಡುತ್ತಿದ್ದೆ. ನೆಲ ಮುಟ್ಟುವ ಭಾಗದಲ್ಲಿ ಹೊಸ ಟೈರಿಗಿರುವ ಸಣ್ಣ ರಬ್ಬರ್ ಕೂದಲುಗಳು ಇನ್ನೂ ಉಳಿದಿದ್ದವು. ಪಕ್ಕ ಮಾತ್ರ ಉದ್ದಕ್ಕೂ ಸೀಳಿತ್ತು. ಬೆರಳಿಟ್ಟು ಬಾಗಿಸಿದರೆ ಎಣ್ಣೆಯ ಹೊಳಪಿನಡಿ ಬರೀ ಬಿರುಕು. ಓಡದೆ ಮಲಗಿದ ಟೈರಿಗೂ ವಯಸ್ಸಾಗುತ್ತದೆ, ಎಣ್ಣೆ ರಬ್ಬರನ್ನು ಹಾಳುಮಾಡುತ್ತದೆ ಎಂಬುದು ನಮಗೆ ಯಾರಿಗೂ, ಖಾದರ್ ಭಾಯಿಗೂ, ಹೊಳೆದಿರಲಿಲ್ಲ.

"ಅಪ್ಪಾ" ಎಂಬ ದನಿ ಲಾರಿಯ ನೆರಳಿನಿಂದ ಬಂತು. ದೊಡ್ಡಪ್ಪ ಓಡಿ ಹೋಗಿ ಅಕ್ಕನ ಕೈ ಹಿಡಿದುಕೊಂಡರು.

ಅಕ್ಕ ಹುಬ್ಬಿನ ಹೊಲಿಗೆಯ ಮೇಲೇ ಬಾಸಿಂಗ ಕಟ್ಟಿಸಿಕೊಂಡಳು. ಧಾರೆಯ ಹೊತ್ತಿಗೆ ದೊಡ್ಡಪ್ಪ ಅವಳ ಕೈ ಹಿಡಿದವರು ಬಿಡಲೇ ಇಲ್ಲ. "ಬಿಡ್ರಿ ಯಜಮಾನ್ರೆ, ಬಿಡ್ರಿ" ಎಂದು ಮದುವೆ ಮಾಡಿಸುತ್ತಿದ್ದ ಅಯ್ಯನವರು ಮತ್ತೆ ಮತ್ತೆ ಹೇಳಬೇಕಾಯಿತು.

"ಏನ್ ಸಾರ್ ಯೋಚ್ನೆ? ಹೊಸ ಟೈರು!" ಎಂದ ಮಾರುವವನು.

"ಎಷ್ಟು ವರ್ಷದಿಂದ ಹೊಸದು?" ಎಂದು ಕೇಳಿದೆ.

ಅವನು ನಕ್ಕ. ನಾನು ಉತ್ತರಕ್ಕಾಗಿ ಕಾಯುತ್ತ ನಿಂತೆ.