ಕಮಲಾಪುರದ ಗೋಡೆಯ ಮೇಲೆ ಬಗ್ಗಿದವರು

ಶಹಾಬಜಾರದ ಮಾಪಣ್ಣ ಅಂಗಡಿ ಬೋರ್ಡು ಬರೆದು ಹೊಟ್ಟೆ ಹೊರೆದವನು. ಉಸ್ತಾದ್ ಇಮಾಮುದ್ದೀನರ ಕೈಕೆಳಗೆ ಕುಂಚ ಹಿಡಿಯಲು ಕಲಿತ. ಸಿಟ್ಟು ಮಾತ್ರ ಯಾರಿಂದಲೂ ಕಲಿತದ್ದಲ್ಲ. ರಜಾಕಾರರ ಕಾಲದಲ್ಲಿ ಅದನ್ನು ನುಂಗಿಕೊಂಡು ಬದುಕಿದ. ಪೊಲೀಸ್ ಆ್ಯಕ್ಷನ್ ಆದಾಗ, ಇನ್ನು ನುಂಗುವ ಕೆಲಸ ಮುಗಿಯಿತು ಅಂದುಕೊಂಡ. ಎಲ್ಲಿ ಮುಗಿಯಿತು?

ಕಮಲಾಪುರದ ಜಾಗೀರದಾರ ಹೈದರಾಬಾದಿಗೆ ಓಡಿಹೋದ ಮೇಲೆ ಅವನ ವಾಡೆ ನೀಲಕಂಠ ಸಾವ್ಕಾರನ ಕೈಸೇರಿತ್ತು. ಮೊನ್ನೆಮೊನ್ನೆಯವರೆಗೆ ಜಾಗೀರದಾರನ ಪಕ್ಕ ಕೂತು ಪಾನ್ ಜಗಿದ ಮನುಷ್ಯ ಈಗ ಖಾದಿ ತೊಟ್ಟಿದ್ದ. ಮಾಪಣ್ಣನನ್ನು ಕರೆಸಿ ಪಡಸಾಲೆಯ ಗೋಡೆ ತೋರಿಸಿದ. ಅಲ್ಲಿ ಇಮಾಮುದ್ದೀನರು ಹಿಂದೊಮ್ಮೆ ಬರೆದ ದೊಡ್ಡ ಚಿತ್ರವಿತ್ತು. ಕುರ್ಚಿಯಲ್ಲಿ ಕೈ ಚಾಚಿ ಕೂತ ರೂಮಿ ಟೋಪಿಯ ಜಾಗೀರದಾರ, ಎದುರಿಗೆ ನಜರಾಣಾ ಕಾಣಿಕೆ ಹಿಡಿದು ನಡು ಮುರಿದು ಬಗ್ಗಿದ ಜನ. ಸಾಲಿನ ಮೊದಲಿಗ ದತ್ತಪ್ಪ, ಮಾಪಣ್ಣನ ಅಪ್ಪ. ಊರಿನ ಅಸಲಿ ಮುಖಗಳೇ ಬೇಕೆಂದು ಜಾಗೀರದಾರ ಹಟ ಹಿಡಿದಿದ್ದ.

“ಆ ಟೋಪಿ ತಗದು ಬಿಳಿ ಟೋಪಿ ಹಾಕು. ಮಾರಿ ನನ್ನಂಗ ಮಾಡು. ಝಂಡಾ ಏರ್ಸಾಕ ದೊಡ್ಡ ಮಂದಿ ಬರಾಕತ್ತಾರ,” ಎಂದ ಸಾವ್ಕಾರ.

“ಈ ಬಗ್ಗಿದವರು ರೀ?”

“ಅವರಿಗೇನಾಗ್ಯಾದ? ಚಂದ ಬಗ್ಗ್ಯಾರ. ಹಂಗೇ ಇರ್ಲಿ.”

ಮಾಪಣ್ಣನ ಸಿಟ್ಟು ನೆತ್ತಿಗೇರಿತು. ರಾಜ್ಯ ಹೋಯಿತು, ಬಾವುಟ ಹೋಯಿತು, ಬೆನ್ನು ಮಾತ್ರ ಹಾಗೇ ಇರಬೇಕಂತೆ! ಕುಂಚ ಬಿಸಾಡಿ ಬರಬಹುದಿತ್ತು. ಆದರೆ ಬೇರೊಬ್ಬ ಬಂದು ಟೋಪಿ ಬರೆಯುತ್ತಾನೆ, ಅಪ್ಪ ಬಗ್ಗಿಯೇ ಉಳಿಯುತ್ತಾನೆ. ಅಳಿಸಿಬಿಡುವುದೇ ಸೈ ಎಂದು, ಅದೇ ಊರಿನ ಕೊನೆಗಿದ್ದ ಅಪ್ಪನ ಗುಡಿಸಲಿಗೆ ಹೋಗಿ ಹೇಳಿದ.

“ಅಳಸಬ್ಯಾಡೋ ಮಗಾ,” ಅಂದ ದತ್ತಪ್ಪ. “ನಂದು ಅಂತ ಇರೂದು ಅದೊಂದೇ ಫೋಟು. ನಾ ಸತ್ತರ ಮೊಮ್ಮಕ್ಕಳು ಏನ್ ನೋಡಬೇಕು?”

“ಬಗ್ಗಿದ ಬೆನ್ನ ನೋಡಬೇಕೇನು ಯಪ್ಪಾ?”

“ಸುಳ್ಳು ಹೇಳಬ್ಯಾಡ. ಉಸ್ತಾದ್ರು ನನ್ನ ನೆಟ್ಟಗ ನಿಂದರಿಸಿ ಬರಕೊಂಡಾರ. ಮೀಸಿ ಭಾಳ ಚಂದ ಬಂದದಂತ ಮಂದಿ ಹೇಳ್ತಾರ.”

ಮಂದಿ ಹೇಳುತ್ತಾರೆ! ಜನ್ಮವಿಡೀ ಆ ವಾಡೆಗೆ ಬಿಟ್ಟಿ ಕಟ್ಟಿಗೆ ಹೊತ್ತ ಮುದುಕನನ್ನು ಪಡಸಾಲೆಯ ಮೆಟ್ಟಿಲು ಹತ್ತಗೊಟ್ಟವರಿಲ್ಲ. ಉಸ್ತಾದರು ಅಂಗಳದಲ್ಲೇ ಅವನ ಮುಖ ಬರೆದುಕೊಂಡು ಒಳಗೆ ಹೋಗಿದ್ದರು.

ಮರುದಿನ ಸುಣ್ಣದ ಬಕೀಟು ಹೊರಿಸುವ ನೆಪದಲ್ಲಿ ಮಾಪಣ್ಣ ಅಪ್ಪನನ್ನು ಪಡಸಾಲೆಗೆ ಹತ್ತಿಸಿದ. ದತ್ತಪ್ಪ ಗೋಡೆಯಲ್ಲಿ ತನ್ನ ಮೀಸೆ ಹುಡುಕಿದ. ಅದು ಜಾಗೀರದಾರನ ಕಾಲಿನ ಜೋಡಿನ ಹತ್ತಿರ ಇತ್ತು.

“ನಾ ಇಷ್ಟು ಬಗ್ಗಿದ್ದಿಲ್ಲೋ,” ಅಂದ. “ಹೊರಿ ಹೊತ್ತಾಗೂ ಇಷ್ಟು ಬಗ್ಗಿದ್ದಿಲ್ಲ. ಸುಳ್ಳು ಬರಸ್ಯಾನ ಹಲ್ಕಟ್!”

ಮಗನ ಕೈಯಿಂದ ಸುಣ್ಣದ ಕುಂಚ ಕಸಿದು ತನ್ನನ್ನು ತಾನೇ ಬಳಿದುಬಿಟ್ಟ. ಅಷ್ಟಕ್ಕೆ ನಿಲ್ಲಲಿಲ್ಲ. ಹಿಂದಿನವನನ್ನೂ ಬಳಿದ, ಅವನ ಹಿಂದಿನವನನ್ನೂ ಬಳಿದ. ಈ ಕಡೆ ಮಾಪಣ್ಣ ಕುರ್ಚಿಯವನಿಗೆ ಬಿಳಿ ಟೋಪಿ ಇಟ್ಟು, ಸಾವ್ಕಾರನ ಮುಖವನ್ನು ಹೇಳಿದಂತೆಯೇ ಬರೆದ.

ಸಂಜೆ ಸಾವ್ಕಾರ ಬಂದು ನೋಡಿದರೆ, ನಜರಾಣೆಗೆಂದು ಚಾಚಿದ್ದ ಕೈಯೆದುರು ಯಾರೂ ಇಲ್ಲ. ಬರೀ ಸುಣ್ಣದ ಗೋಡೆಗೆ ಅಂಗೈ ಒಡ್ಡಿ ತಾನೊಬ್ಬನೇ ಕೂತಿದ್ದಾನೆ.

ಕಸ ಗುಡಿಸುತ್ತಿದ್ದ ಆಳು ಬಂಡೆಮ್ಮ, “ಯವ್ವಾ! ಸಾವ್ಕಾರ್ರು ಯಾರಿಗೆ ಬೇಡಾಕತ್ತಾರ?” ಅಂದೇಬಿಟ್ಟಳು.

“ಬರೀಲೇ ಅವರನ್ನ ಮತ್ತ!” ಸಾವ್ಕಾರ ಅರಚಿದ.

“ಯಾರನ್ನ ನೋಡಿ ಬರೀಲಿ ರೀ?”

“ನಿಮ್ಮಪ್ಪ ಇಲ್ಲೇ ಅದಾನಲ್ಲ! ಬಗ್ಗಲೇ ದತ್ಯಾ!”

ದತ್ತಪ್ಪ ಸುಣ್ಣದ ಕೈಯನ್ನು ಧೋತರಕ್ಕೆ ಒರೆಸಿಕೊಂಡ. “ನೀವೇ ಬಗ್ರಿ ಸಾವ್ಕಾರ್ರ, ಬೇಡೋರು ಬಗ್ಗಬೇಕಲ್ಲ,” ಅಂದವನೇ ಮುಂಬಾಗಿಲಿನಿಂದ ಹೊರಟ.

ಕಮಲಾಪುರದಲ್ಲಿ ಮಾಪಣ್ಣನಿಗೆ ಮತ್ತೆ ಕೆಲಸ ಸಿಗಲಿಲ್ಲ. ಸಾವ್ಕಾರನಿಗೂ ಬೇರೆ ಪೇಂಟರ್ ಸಿಗಲಿಲ್ಲ. ನಡೆದದ್ದು ಕೇಳಿದ ಇಮಾಮುದ್ದೀನರು, ಆ ಗೋಡೆ ಮುಟ್ಟಬಾರದೆಂದು ಶಹಾಬಜಾರದ ಎಲ್ಲ ಪೇಂಟರ್‌ಗಳಿಗೂ ಹೇಳಿಬಿಟ್ಟಿದ್ದರು.