ಒಂದು ಕೆನ್ನೆಯ ಧೈರ್ಯ

ಹರಿತವಾದದ್ದೆಂದರೆ ನನಗೆ ಮೊದಲಿನಿಂದಲೂ ಭಯ. ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ಪಕ್ಕದವಳಿಂದಲೇ ಬಟ್ಟೆ ಕತ್ತರಿಸಿಕೊಳ್ಳುತ್ತಿದ್ದವಳು ನಾನು. ಅಂಥವಳು ಬಂದು ನೆಲೆಸಿದ್ದು ಜರ್ಮನಿಯ ಕಲೋನ್ ಪಕ್ಕದ ಸೋಲಿಂಗನ್ನಿನಲ್ಲಿ. ಚಾಕು, ಕತ್ತರಿ, ರೇಜರುಗಳಿಗೇ ಹೆಸರಾದ ಊರಿನಲ್ಲಿ. ದೇವರಿಗೂ ಸೆನ್ಸ್ ಆಫ್ ಹ್ಯೂಮರ್ ಇದೆ ಎಂದು ನಮ್ಮ ಸಿಸ್ಟರ್‌ಗಳು ಹೇಳಿಕೊಟ್ಟಿರಲಿಲ್ಲ.

ಈ ಚಳಿಗಾಲ ನಮ್ಮ ಯಜಮಾನರಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಯಿತು. ಮಾತು ಮಾತ್ರ ಇಡಿಯಾಗಿ ಉಳಿಯಿತು. ಮಗಳು ತಂದ ಎಲೆಕ್ಟ್ರಿಕ್ ಶೇವರ್ "ಇರುವೆ ಹರಿದ ಹಾಗಾಗುತ್ತೆ" ಎನ್ನಿಸಿಕೊಂಡು ಡಬ್ಬಕ್ಕೆ ಮರಳಿತು. ಅವರಿಗೆ ತಮ್ಮ ಹಳೆಯ ಮಡಿಸುವ ರೇಜರೇ ಬೇಕು. ಹಿಡಿಯಬೇಕಾದವಳು ನಾನು. ಕಣ್ಣು ಮುಚ್ಚಿದರೆ ಅವರ ಕತ್ತಿನ ನರವೇ ಕಾಣುತ್ತಿತ್ತು.

ಕೊನೆಗೆ ಕೆಳಮನೆಯ ಫ್ರಾವ್, ಎಂದರೆ ಶ್ರೀಮತಿ, ಕ್ರೇಮರ್‌ರನ್ನು ಕರೆದೆ. ರೇಜರ್ ಕಾರ್ಖಾನೆಯಲ್ಲಿ ಅಲಗು ಒರೆಸಿ, ಪರೀಕ್ಷಿಸಿ, ಪ್ಯಾಕ್ ಮಾಡಿ ರಿಟೈರ್ ಆದವರು. ಅವರ ಅಜ್ಜಿಯ ಕಾಲದಲ್ಲಿ ಗಂಡಸರು ಹೊಳೆಯ ದಂಡೆಯಲ್ಲಿ ಕೂತು ಸಾಣೆ ಹಿಡಿದರೆ, ಆ ಅಲಗುಗಳನ್ನು ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ಗುಡ್ಡ ಹತ್ತಿ ಮಾಲೀಕರಿಗೆ ಮುಟ್ಟಿಸುತ್ತಿದ್ದವರು ಹೆಂಗಸರಂತೆ. ನಮ್ಮ ನೀರು ಹೊರುವವರ ಹಾಗೆ ತಲೆಗೊಂದು ಸಿಂಬಿಯೂ ಇತ್ತಂತೆ. ಅಲಗಿನ ಮೇಲೆ ಮಾಲೀಕರ ಮುದ್ರೆ ಬಿತ್ತು. ಅಜ್ಜಿಗೆ ಸಿಕ್ಕಿದ್ದು ನೆತ್ತಿಯಲ್ಲೊಂದು ಬೋಳು.

"ಹೆದರಿಕೆ ಆಗ್ತಿರಲಿಲ್ವಾ ಅವರಿಗೆ?" ಎಂದೆ.

"ಆಗ್ತಿತ್ತಂತೆ. ಆದರೆ ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ನಡುಗೋಕೆ ಆಗುತ್ತಾ?"

ಫ್ರಾವ್ ಕ್ರೇಮರ್ ತಮ್ಮದೇ ಬಿಳಿಗೂದಲೊಂದನ್ನು ಕಿತ್ತು ಅಲಗಿಗೆ ತಾಗಿಸಿದರು. ಸದ್ದಿಲ್ಲದೆ ಎರಡಾಯಿತು.

"ಚೆನ್ನಾಗಿದೆ, ಫ್ರಾವ್ ರಾವ್. ಶುರು ಮಾಡಿ."

"ನೀವೇ ಒಮ್ಮೆ ಮಾಡಿ ತೋರಿಸಿ."

"ನಾನಾ? ಮೂವತ್ತು ವರ್ಷ ರೇಜರ್ ಮುಟ್ಟಿದೀನಿ. ಗಡ್ಡ ಮುಟ್ಟಿಲ್ಲ."

ನಡುವೆ ಯಜಮಾನರು ಕನ್ನಡದಲ್ಲಿ ಹೇಳಿದರು: "ಯಾರು ಕೊಲ್ಲೋದು ಅಂತ ಬೇಗ ಡಿಸೈಡ್ ಮಾಡಿ, ನೊರೆ ಆರ್ತಿದೆ."

ಆಕೆ ಅವರ ಕೆನ್ನೆಯನ್ನು ಬಿಗಿಯಾಗಿ ಎಳೆದು ಹಿಡಿದರು. ನಾನು ಉಸಿರು ಕಟ್ಟಿ ರೇಜರ್ ಇಳಿಸಿದೆ. ಎಡಗೆನ್ನೆ ಮುಗಿಯಿತು. ರಕ್ತವಿಲ್ಲ. ರೇಜರ್ ಮಡಿಸಿಟ್ಟು, "ಉಳಿದದ್ದು ನಾಳೆ" ಎಂದೆ.

"ನಾಳೆ ಮಂಗಳವಾರ ಕಣೇ. ಮಂಗಳವಾರ ಯಾರಾದ್ರೂ ಕ್ಷೌರ ಮಾಡಿಸ್ಕೋತಾರಾ?"

ಇಷ್ಟು ವರ್ಷ ಜರ್ಮನಿಯಲ್ಲಿದ್ದರೂ ಇವರ ಗಡ್ಡ ಇನ್ನೂ ಊರಿನ ಪಂಚಾಂಗದಲ್ಲೇ ಇದೆ. ಅರ್ಧ ಬೋಳಿಸಿದ ಗಂಡನನ್ನು ಬುಧವಾರದವರೆಗೆ ಎದುರಿಗೆ ಕೂರಿಸಿಕೊಂಡು ಊಟ ಮಾಡುವುದು ಹೇಗೆ? ರೇಜರ್ ಮತ್ತೆ ಬಿಚ್ಚಿದೆ.

ಶಾಸ್ತ್ರಗಳಿರುವುದು ಹೆದರಿಸುವುದಕ್ಕೆ ಎಂದೇ ತಿಳಿದಿದ್ದೆ. ಧೈರ್ಯ ಬರಲಿ ಎಂದು ಕಾಯುತ್ತ ಕೂರುವ ನನ್ನಂಥವರಿಗೆ, ಕಾಯಲು ನಾಳೆಯೇ ಇಲ್ಲದಂತೆ ಮಾಡುವುದಕ್ಕೂ ಇರಬಹುದು.